ಮೂರಿಂಚಿನ ತೂತು, ಬೆರಳಷ್ಟು ಕಡ್ಡಿ

ಖಾನಾಪುರದ ನೆಂಟರ ಮನೆಯ ಅಟ್ಟ ಖಾಲಿ ಮಾಡುವಾಗ ಊಟದ ತಾಟಿನಷ್ಟು ಅಗಲದ ಒಂದು ಅಲ್ಯೂಮಿನಿಯಂ ಟೇಪ್ ರೀಲ್ ಸಿಕ್ಕಿತು. ಬೆಳಗಾವಿಗೆ ತಂದು ಡೆಕ್ಕಿನ ಮೇಲಿಟ್ಟರೆ ಕೂರಲೇ ಇಲ್ಲ. ಸಣ್ಣ ಕೈಗೆ ದೊಡ್ಡ ಬಳೆ ತೊಡಿಸಿದ ಹಾಗೆ ಕಡ್ಡಿಯ ಸುತ್ತ ಸಡಿಲವಾಗಿ ಬಿತ್ತು. ರೀಲೂ ಕೆಟ್ಟಿಲ್ಲ, ಡೆಕ್ಕೂ ಕೆಟ್ಟಿಲ್ಲ. ನಡುವಿನ ಹಬ್ ಅಡಾಪ್ಟರ್ ಇಲ್ಲ, ಅಷ್ಟೆ.

ಮನೆಬಳಕೆಯ 7 ಇಂಚಿನ ರೀಲಿಗೆ ಸುಮಾರು 8 ಮಿ.ಮೀ. ತೂತು, ಅದರ ಅಂಚಿಗೆ ಮೂರು ಕಚ್ಚು. ಡೆಕ್ಕಿನ ಕಡ್ಡಿಯ ಮೂರು ರೆಕ್ಕೆ ಆ ಕಚ್ಚುಗಳಲ್ಲಿ ಕೂತು ರೀಲನ್ನು ತಿರುಗಿಸುತ್ತವೆ. ಸ್ಟುಡಿಯೋಗಳ ಹತ್ತೂವರೆ ಇಂಚಿನ ರೀಲಿಗೆ ಮಾತ್ರ 3 ಇಂಚು, ಅಂದರೆ 76.2 ಮಿ.ಮೀ. ತೂತು. ಇದು ಅಮೆರಿಕದ ಪ್ರಸಾರಕರ ಸಂಘ ಗೊತ್ತುಮಾಡಿದ ಅಳತೆ, ಆದ್ದರಿಂದಲೇ ‘ನ್ಯಾಬ್’ ಎಂಬ ಹೆಸರು. ಸೆಕೆಂಡಿಗೆ 15 ಇಂಚಿನ ವೇಗದಲ್ಲಿ 7 ಇಂಚಿನ ರೀಲಿನ 1200 ಅಡಿ ಟೇಪು 16 ನಿಮಿಷಕ್ಕೆ ಮುಗಿಯುತ್ತದೆ. ದೊಡ್ಡ ರೀಲಿನ 2500 ಅಡಿ 33 ನಿಮಿಷ ಓಡುತ್ತದೆ. 1950ರಿಂದ ಧಾರವಾಡ ಆಕಾಶವಾಣಿ ಕೇಳುತ್ತ ಬಂದ ಸೀಮೆ ನಮ್ಮದು. ವಿಲಂಬಿತದಿಂದ ದ್ರುತದವರೆಗೆ ಒಂದು ಖಯಾಲು ಅರಳಲು 16 ನಿಮಿಷ ಎಲ್ಲಿ ಸಾಕು?

ಅಡಾಪ್ಟರ್ ಹುಡುಕುವ ಮೊದಲು ಸ್ಕೇಲು ಹಿಡಿಯಿರಿ. ಹತ್ತೂವರೆ ಇಂಚು ಎಂದರೆ ಸುಮಾರು 267 ಮಿ.ಮೀ. ಎರಡು ಕಡ್ಡಿಗಳ ನಡುವಿನ ಅಂತರ ಇದಕ್ಕಿಂತ ಕಡಿಮೆ ಇದ್ದರೆ ರೀಲುಗಳು ಒಂದಕ್ಕೊಂದು ತಾಗುತ್ತವೆ. ಅಕಾಯ್ ಜಿಎಕ್ಸ್-4000ಡಿ ಬರೀ 7 ಇಂಚಿನ ಯಂತ್ರ, ಅದಕ್ಕೆ ಯಾವ ಅಡಾಪ್ಟರಿನಿಂದಲೂ ಉಪಯೋಗವಿಲ್ಲ. ರೆವಾಕ್ಸ್ ಎ77 ದೊಡ್ಡ ರೀಲು ಹೊರುತ್ತದೆ.

ಖಡೇಬಜಾರ, ಗಣಪತಿ ಗಲ್ಲಿ ಸುತ್ತಿದೆ, ಗುಜರಿಯಲ್ಲೂ ಕೇಳಿದೆ, ಸಿಗಲಿಲ್ಲ. ಹೊರದೇಶದಿಂದ ತರಿಸುವುದಾದರೆ ಜೋಡಿಯನ್ನೇ ತರಿಸಿ, ನಿಮ್ಮ ಡೆಕ್ಕಿನ ಮಾದರಿ ಹೇಳಿಯೇ ತರಿಸಿ. ತೂತಿನ ಅಳತೆ ಎಲ್ಲ ಕಡೆ ಒಂದೇ ಆದರೂ ರೀಲು ಕೂರುವ ಎತ್ತರ ಟೀಯಾಕ್‌ಗೆ ಒಂದು, ಅಕಾಯ್‌ಗೆ ಇನ್ನೊಂದು.

ನಾನು ಹಿಡಿದದ್ದು ಖಾನಾಪುರ ರಸ್ತೆ. ಆ ರಸ್ತೆಯಲ್ಲೇ ಉದ್ಯಮಬಾಗ, ಲೇಥುಗಳ ಊರು. 1888ರಲ್ಲಿ ಕಿರ್ಲೋಸ್ಕರರು ಇದೇ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದಿದ್ದರು. ಕಬ್ಬಿಣದ ಜೊತೆ ಈ ಊರಿನ ನಂಟು ಹಳೆಯದು. ಟರ್ನರ್ ನನ್ನ ಚೀಟಿ ನೋಡಿ, “ಇಂಚು ಬ್ಯಾಡ್ರಿ ಸರ, ಎಂ.ಎಂ. ಹೇಳ್ರಿ. ರೀಲ್ ತಂದೀರೇನ್ರಿ?” ಎಂದರು. ತಂದಿರಲಿಲ್ಲ. 76.2 ಎಂದು ಬರೆದುಕೊಟ್ಟು ಬಂದೆ. ತಯಾರಾದ ತುಂಡು ತೂತಿಗೆ ಹೊಗಲೇ ಇಲ್ಲ. ತಪ್ಪು ಪೂರ್ತಿ ನನ್ನದು: ತೂತಿನ ಅಳತೆಯನ್ನೇ ಕೊಟ್ಟರೆ ಸಡಿಲಕ್ಕೆ ಜಾಗ ಎಲ್ಲಿ? 76.0 ಮಾಡಿಸಿದ ಮೇಲೆ ರೀಲು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

ಅಲ್ಯೂಮಿನಿಯಂ ಆದರೆ ಒಳ್ಳೆಯದು. ಉಕ್ಕು ಭಾರ, ಡೆಕ್ಕಿನ ಬ್ರೇಕಿಗೆ ಸುಮ್ಮನೆ ಹೊರೆ. ಕೆಳಗೊಂದು ಅಂಚು, ಮೇಲೆ ರೀಲನ್ನು ಒತ್ತಿ ಹಿಡಿಯುವ ತಿರುಪಿನ ಬಿಲ್ಲೆ, ನಡುವೆ ರಬ್ಬರ್ ಉಂಗುರ ಇದ್ದರೆ ಸಾಕು. ಕಷ್ಟ ಇರುವುದು ಒಳಗಿನ ಮೂರು ಕಚ್ಚಿನಲ್ಲಿ, ಅದು ಲೇಥಿನ ಕೆಲಸವಲ್ಲ. ಒಡೆದ ಪ್ಲಾಸ್ಟಿಕ್ ರೀಲಿನ ನಡುಭಾಗ ಕತ್ತರಿಸಿ ಅಲ್ಯೂಮಿನಿಯಂ ಬಳೆಯೊಳಗೆ ಬಿಗಿಯಾಗಿ ಕೂರಿಸಿದರೆ ಆ ತಲೆನೋವಿಲ್ಲ. ಕೂರಿಸುವಾಗ ನಡು ತಪ್ಪಬಾರದು. ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ತಿಗರಿಯ ಮುಂದೆ ಕೂತವರನ್ನು ಕೇಳಿ: ಮಣ್ಣಿನ ಮುದ್ದೆ ಕೂದಲೆಳೆ ಸರಿದರೂ ಮಡಕೆ ಓಲಾಡುತ್ತದೆ. ಇಲ್ಲಿ ಓಲಾಡುವುದು ಸ್ವರ.

ಮೊದಲು ಖಾಲಿ ರೀಲು ಏರಿಸಿ, ಕೈಯಿಂದ ತಿರುಗಿಸಿ ಅಂಚಿನ ಓಲಾಟ ನೋಡಿ. ಆಮೇಲೆ ಬೇಡದ ಟೇಪೊಂದನ್ನು ಓಡಿಸಿ, ಬ್ಯಾಟರಿ ಬೆಳಕು ಬಿಟ್ಟು ನೋಡಿ. 6.35 ಮಿ.ಮೀ. ಅಗಲದ ಟೇಪು ರೀಲಿನ ಎರಡು ತಟ್ಟೆಗಳ ನಟ್ಟನಡುವೆ ಹೋಗಬೇಕು. ಸರ್‌ಸರ್ ಎಂದು ಉಜ್ಜುವ ಸದ್ದು ಬಂದರೆ ಎತ್ತರ ತಪ್ಪಿದೆ. ರೀಲು ಕೆಳಗಿದ್ದರೆ ಅಡಾಪ್ಟರಿನ ಅಡಿಗೆ ತೆಳು ವಾಷರ್ ಹಾಕಿ, ಮೇಲಿದ್ದರೆ ಅಡಿಯನ್ನು ಇನ್ನಷ್ಟು ಕಡೆಸಿ. ಎರಡೂ ಕಡೆ ಒಂದೇ ಅಳತೆಯ ರೀಲಿರಲಿ, ರೀಲಿನ ಗಾತ್ರದ ಸ್ವಿಚ್ಚಿದ್ದರೆ ‘ದೊಡ್ಡದು’ ಕಡೆಗಿರಲಿ. ಇಲ್ಲದಿದ್ದರೆ ಎಳೆತ ಹೆಚ್ಚುಕಡಿಮೆಯಾಗುತ್ತದೆ.

ಇಷ್ಟಾದರೂ ಅಟ್ಟದ ಟೇಪನ್ನು ಅವಸರದಲ್ಲಿ ಹಾಕಬೇಡಿ. ಖಾನಾಪುರದ ಮಳೆ ಗೊತ್ತಲ್ಲ. ಸುರುಳಿಯ ಬದಿಗೆ ಬಿಳಿ ಪುಡಿ ಕಂಡರೆ ಅದು ಬೂಸ್ಟು. ಡೆಕ್ಕಿಗೆ ಹಾಕಿದರೆ ಹೆಡ್ಡಿಗೂ ಮೆತ್ತುತ್ತದೆ, ಮುಂದಿನ ಟೇಪಿಗೂ ಹರಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಒಣ ಮೆತ್ತನೆ ಅರಿವೆಯಿಂದ ಒರೆಸಬೇಕು. ನನ್ನ ಅಡಾಪ್ಟರ್ ಜೋಡಿ ತಯಾರಾಗಿದೆ, ರೀಲು ಇನ್ನೂ ಅಂಗಳದಲ್ಲಿದೆ.