ಒಬ್ಬಳೇ ಮಕ್ಕಳನ್ನು ಸಾಕುವ ತಾಯಿ: ಮೊದಲು ಉತಾರ ನೋಡಿರಿ

ಬ್ಯಾಡಗಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವ್ಯಾಪಾರ. ದಲಾಲಿ ಅಂಗಡಿಯಲ್ಲಿ ಚೀಲ ಯಾರ ಹೆಸರಿಗೆ ಇಳಿಯುತ್ತದೆಯೋ ಪಟ್ಟಿ ಅವರ ಹೆಸರಿಗೆ, ಹಣವೂ ಅವರಿಗೆ. ಗಂಡ ತೀರಿದ ಮೊದಲ ಸುಗ್ಗಿಯಲ್ಲಿ ಆ ಹೆಸರು ಬಹುಶಃ ಭಾವನದೋ ಮೈದುನನದೋ ಆಗಿರುತ್ತದೆ. ಕಳೆ ತೆಗೆದು, ಕಾಯಿ ಬಿಡಿಸಿ, ಒಣಗಿಸಿದ ಹೆಣ್ಣುಮಗಳು ಮಕ್ಕಳ ಪುಸ್ತಕಕ್ಕೂ ಅವರ ಮುಂದೆ ಕೈಯೊಡ್ಡಬೇಕು. ರಾಣೆಬೆನ್ನೂರ ಕಡೆಯ ಬೀಜೋತ್ಪಾದನೆ ಹೊಲಗಳಲ್ಲಿಯೂ ಇದೇ ಕತೆ. ಹೂವಿನ ಕ್ರಾಸಿಂಗ್ ಮಾಡುವವರು ಹೆಂಗಸರು, ಕಂಪನಿಯ ಕರಾರು ಹೊಲದ ಒಡೆಯನ ಹೆಸರಿಗೆ.

ರೈತ ಬಾಂಧವರೇ, ಇಂಥ ತಾಯಂದಿರು ಸಹಾಯಧನ ಕೇಳಿಕೊಂಡು ಬಂದಾಗ ನಾನು ಮೊದಲು ಕೇಳುವುದು ಒಂದೇ ಮಾತು: "ತಂಗಿ, ಉತಾರ ಯಾರ ಹೆಸರಿಗೆ ಐತಿ?" ವರ್ಷಗಳು ಉರುಳಿದರೂ ತೀರಿಕೊಂಡವರ ಹೆಸರೇ ಉಳಿದಿರುವ ಉತಾರಗಳು ಬೇಕಾದಷ್ಟಿವೆ. ಅಂಥ ಉತಾರವಿಟ್ಟುಕೊಂಡು ಸೊಸಾಯಿಟಿಯ ಬಡ್ಡಿರಹಿತ ಬೆಳೆಸಾಲ ಪಡೆಯಲಾಗದು. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯೂ ತಾನಾಗಿ ಹೆಂಡತಿಗೆ ಬರುವುದಿಲ್ಲ. ವಾರಸಾ ಆದ ಮೇಲೆ ಅವಳು ಹೊಸದಾಗಿ ಅರ್ಜಿ ಕೊಡಬೇಕು.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿರಿ. ಮರಣ ಪತ್ರ, ವಂಶವೃಕ್ಷ, ಆಧಾರ್ ಪ್ರತಿಗಳೊಡನೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿರಿ. ಗಂಡ ಮೃತ್ಯುಪತ್ರ ಬರೆಯದೆ ತೀರಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಪಾಲಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವನ ತಾಯಿ ಸಮನಾದ ಹಕ್ಕುದಾರರು. ಇವರಿರುವಾಗ ಅಣ್ಣತಮ್ಮಂದಿರಿಗೆ ಅದರಲ್ಲಿ ಪಾಲಿಲ್ಲ. ಚಿಕ್ಕ ಮಕ್ಕಳ ಹೆಸರಿನ ಮುಂದೆ ಪಾಲಕಳೆಂದು ತಾಯಿಯನ್ನು ತೋರಿಸಿರಿ.

ತೊಡಕಿರುವುದು ಪಿತ್ರಾರ್ಜಿತ ಹೊಲ ಇನ್ನೂ ಮಾವನ ಹೆಸರಿನಲ್ಲಿದ್ದಾಗ. ಆಗ ಹಿರಿಯರು ಕುಳಿತು ವಾಟಣಿ ಮಾಡಿಸುವುದೇ ಮೇಲು. ಒಪ್ಪದಿದ್ದರೆ ತಾಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ಸಾಲಗಾರರ ಮಾತಿಗೆ ಹೆದರಿ ಬಂಗಾರ ಬಿಚ್ಚಿಕೊಡುವುದನ್ನು ಕಂಡಿದ್ದೇನೆ. ಗಂಡನ ಸಾಲಕ್ಕೆ ವಾರಸುದಾರರ ಹೊಣೆ ಅವನಿಂದ ಬಂದ ಆಸ್ತಿಯಷ್ಟಕ್ಕೇ. ಹೆಂಡತಿ ತಾನೂ ಸಹಿ ಹಾಕಿಲ್ಲದಿದ್ದರೆ ಅವಳ ಸ್ವಂತ ಒಡವೆಗೆ ಕೈಹಾಕಲು ಬರುವುದಿಲ್ಲ.

ಉತಾರವಿಲ್ಲದೆಯೂ ಸಿಗುವ ನೆರವುಗಳಿವೆ. ಬಡ ಕುಟುಂಬದ ವಿಧವೆಗೆ ತಿಂಗಳಿಗೆ 800 ರೂಪಾಯಿ ವೇತನ 2021ರಿಂದ ಇದೆ, ಅರ್ಜಿ ನಾಡಕಚೇರಿಯಲ್ಲಿಯೇ. ದುಡಿಯುವ ಯಜಮಾನ 60 ತುಂಬುವ ಮೊದಲೇ ತೀರಿದರೆ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ಒಂದೇ ಬಾರಿ 20,000 ರೂಪಾಯಿ. ಗೃಹಲಕ್ಷ್ಮಿಯ 2,000 ಮಾತ್ರ ಪಡಿತರ ಚೀಟಿಯ ಯಜಮಾನಿಗೆ. ಚೀಟಿಯಲ್ಲಿ ಅತ್ತೆ ಯಜಮಾನಿಯಾಗಿದ್ದರೆ ಸೊಸೆಗೆ ಬರುವುದಿಲ್ಲ. ಸಾಲಬಾಧೆಯಿಂದ ಆತ್ಮಹತ್ಯೆ ಮಾಡಿಕೊಂಡ ರೈತನ ಪ್ರಕರಣವನ್ನು ಉಪವಿಭಾಗಾಧಿಕಾರಿಗಳ ಸಮಿತಿ ಒಪ್ಪಿದರೆ 5 ಲಕ್ಷ ಪರಿಹಾರವೂ ಪತ್ನಿಗೆ ತಿಂಗಳಿಗೆ 2,000 ವೇತನವೂ ಉಂಟು. ಆದರೆ ಕೈಗಡಕ್ಕೆ ಕಾಗದವಿರುವುದಿಲ್ಲ, ಪ್ರಕರಣ ಬೀಳುವುದು ಅಲ್ಲಿಯೇ.

ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲದ್ದು ಮಿಷನ್ ವಾತ್ಸಲ್ಯ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟುಹೋದವಳು — ಇವರ ಮಕ್ಕಳಿಗೆ 18 ತುಂಬುವವರೆಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಪಡೆಯಲು ಅವಕಾಶವಿದೆ. ಹಳ್ಳಿಯ ಕುಟುಂಬದ ವಾರ್ಷಿಕ ಆದಾಯ 72,000 ಮೀರಿರಬಾರದು. ಅರ್ಜಿಗಳನ್ನು ಆರಿಸಿ ಮಂಜೂರು ಮಾಡುವುದರಿಂದ ಎಲ್ಲರಿಗೂ ಸಿಕ್ಕೀತೆಂದು ಹೇಳಲಾರೆ, ಆದರೂ ಹಾಕಬೇಕು. ಹಾವೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿರಿ. ಅಂಗನವಾಡಿ ಕಾರ್ಯಕರ್ತೆಯನ್ನೂ ಕೇಳಬಹುದು.

ಇನ್ನೊಂದು ಕೆಲಸ ಮನೆಯಲ್ಲಿಯೇ ಆಗುವಂಥದು. ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿರಿ. ಸಾವಿಗೆ ಮುಂಚಿನ ಮೇ–ಜೂನ್ ಸುಮಾರಿಗೆ 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನಜ್ಯೋತಿ ವಿಮೆ. 20 ರೂಪಾಯಿಯಾದರೆ ಸುರಕ್ಷಾ ವಿಮೆ. ಮೊದಲನೆಯದರಲ್ಲಿ ಸಾವಿಗೆ, ಎರಡನೆಯದರಲ್ಲಿ ಅಪಘಾತದ ಸಾವಿಗೆ ತಲಾ 2 ಲಕ್ಷ ರೂಪಾಯಿ. ಓದಲು ಬಾರದ ಮನೆಯಾದರೆ ಈ ವಾಚನಾಲಯಕ್ಕೆ ಬರುವವರು ಯಾರಾದರೂ ಹೋಗಿ ಓದಿ ಹೇಳಿರಿ. ಅಪಘಾತವಾದಲ್ಲಿ ಪೊಲೀಸ್ ವರದಿ ಮತ್ತು ಶವಪರೀಕ್ಷೆಯ ಕಾಗದಗಳನ್ನು ಅದೇ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡು ಬ್ಯಾಂಕಿಗೆ ಹೋಗಬೇಕು.