‘ಬೆಂಗಾಲ್’ ಎಂಬ ಸುರಂಗನಿವಾರಕ ನೌಕೆ

1942ನೆಯ ಇಸವಿಯ ಆಗಸ್ಟ್ 8ನೆಯ ತಾರೀಖು ಎಂತಹ ದಿನವೆಂಬುದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾದುದಿಲ್ಲ. ಅಂದು ಮುಂಬಯಿಯ ಗೋವಾಲಿಯಾ ಕೆರೆಯ ಮೈದಾನದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಸಭೆ ಸೇರಿ, ಆಂಗ್ಲರು ಭಾರತವನ್ನು ಬಿಟ್ಟು ತೊಲಗಬೇಕೆಂಬ ಠರಾವನ್ನು ಅಂಗೀಕರಿಸಿತು. ಮರುದಿನ ಬೆಳಗಾಗುವುದರೊಳಗಾಗಿ ಗಾಂಧೀಜಿಯವರೂ ಕಾರ್ಯಕಾರಿ ಸಮಿತಿಯ ಸದಸ್ಯರೂ ಬಂಧನಕ್ಕೊಳಗಾಗಿದ್ದರು. ಇದು ಸರ್ವವಿದಿತವಾದ ಸಂಗತಿ. ಆದರೆ ಅದೇ ದಿನ, ಸಾವಿರಾರು ಮೈಲಿಗಳಾಚೆಯ ಆಸ್ಟ್ರೇಲಿಯಾ ಖಂಡದ ಸಿಡ್ನಿ ಬಂದರದಲ್ಲಿ, ಭಾರತದ ಒಂದು ಪ್ರಾಂತದ ಹೆಸರನ್ನು ಹೊತ್ತ ಪುಟ್ಟ ಯುದ್ಧನೌಕೆಯೊಂದು ಸೇವೆಗೆ ಸೇರಿತೆಂಬುದನ್ನು ಬಲ್ಲವರು ವಿರಳ. ಅದರ ಹೆಸರು ‘ಬೆಂಗಾಲ್’. ಒಂದೇ ದಿನ ಹುಟ್ಟಿದ ಆ ಠರಾವಿನ ಚರಿತ್ರೆಯನ್ನು ಮಕ್ಕಳೂ ಓದುತ್ತಾರೆ. ನೌಕೆಯ ಚರಿತ್ರೆಯನ್ನು ಹಿರಿಯರೂ ಅರಿಯರು. ಆ ಲೋಪವನ್ನು ಕಿಂಚಿತ್ತಾದರೂ ತುಂಬುವ ಸಲುವಾಗಿ ಈ ಲೇಖನ.

ಸುರಂಗನಿವಾರಕ ನೌಕೆಯೆಂದರೇನೆಂಬುದನ್ನು ಮೊದಲು ತಿಳಿಸಬೇಕು. ಬಯಲುಸೀಮೆಯವರಾದ ನಮಗೆ ಸುರಂಗವೆಂದರೆ ಕೋಟೆಯ ಕೆಳಗಿನ ಗುಪ್ತಮಾರ್ಗ. ಕಡಲ ಸುರಂಗವಾದರೋ ಬೇರೆ ವಸ್ತು. ಮದ್ದು ತುಂಬಿದ ಕಬ್ಬಿಣದ ಗೋಲವನ್ನು ಸರಪಳಿಯಿಂದ ತಳದ ಭಾರಕ್ಕೆ ಬಿಗಿದು, ನೀರಿನ ಮೇಲ್ಮೈಗೆ ಕಾಣದಷ್ಟು ಆಳದಲ್ಲಿ ತೇಲಬಿಟ್ಟಿರುತ್ತಾರೆ. ಗೋಲದ ಮೈಮೇಲೆ ಸೀಸದ ಕೊಂಬುಗಳು. ಕೊಂಬಿನೊಳಗೆ ಆಮ್ಲ ತುಂಬಿದ ಗಾಜಿನ ನಳಿಗೆ. ಹಡಗಿನ ಒಡಲು ತಗಲಿತೆಂದರೆ ಕೊಂಬು ಬಾಗಿ, ನಳಿಗೆ ಒಡೆದು, ವಿದ್ಯುತ್ತು ಹರಿದು, ಮದ್ದು ಸಿಡಿಯುತ್ತದೆ. ಅದಕ್ಕೆ ವೈರಿಯ ನಾವೆ ಯಾವುದು, ಬಡ ವರ್ತಕನ ನಾವೆ ಯಾವುದು ಎಂಬ ವಿವೇಕವಿಲ್ಲ. ಇಟ್ಟವನು ಹೊರಟುಹೋದ ಮೇಲೂ, ಯುದ್ಧವೇ ಮುಗಿದ ಮೇಲೂ ಅದು ಕಾದುಕೊಂಡಿರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರ ‘ವೋಲ್ಫ್’ ಎಂಬ ನೌಕೆಯು ಗುಪ್ತವಾಗಿ ಬಂದು ಮುಂಬಯಿಯ ಹತ್ತಿರದ ಕಡಲಿನಲ್ಲಿಯೂ ಕೊಲಂಬೋ ಬಳಿಯಲ್ಲಿಯೂ ಇಂತಹ ಸುರಂಗಗಳನ್ನು ಬಿತ್ತಿ ಹೋಯಿತು. 1917ರ ಜೂನಿನಲ್ಲಿ ‘ಮಂಗೋಲಿಯಾ’ ಎಂಬ ಪ್ರಯಾಣಿಕರ ಹಡಗು ಮುಂಬಯಿಯನ್ನು ಮುಟ್ಟುವ ಮೊದಲೇ ಒಂದಕ್ಕೆ ತಗಲಿ ಮುಳುಗಿತು.

ಈ ವಿಷಬೀಜಗಳನ್ನು ಕಡಲಿನಿಂದ ಕಿತ್ತುಹಾಕುವ ಕೆಲಸಕ್ಕೂ ನಮ್ಮ ರೈತನು ಕುಂಟೆ ಹೊಡೆದು ಕಳೆ ತೆಗೆಯುವುದಕ್ಕೂ ಬಹಳ ಭೇದವಿಲ್ಲ. ನೌಕೆಯು ತನ್ನ ಹಿಂಭಾಗದಿಂದ ಉಕ್ಕಿನ ಹುರಿಯೊಂದನ್ನು ದೂರದವರೆಗೆ ಎಳೆಯುತ್ತ ಸಾಗುತ್ತದೆ. ಒಂದು ಹಲಗೆಯು ಹುರಿಯನ್ನು ಪಕ್ಕಕ್ಕೆ ಸೆಳೆಯುತ್ತದೆ, ಇನ್ನೊಂದು ಅದನ್ನು ತಕ್ಕ ಆಳದಲ್ಲಿ ಹಿಡಿದಿಡುತ್ತದೆ. ಹುರಿಯ ತುದಿಯೆಲ್ಲಿದೆಯೆಂಬುದನ್ನು ಮೇಲೆ ತೇಲುವ ಬುರುಡೆಯೊಂದು ತೋರಿಸುತ್ತದೆ. ಸುರಂಗದ ಸರಪಳಿಯು ಆ ಹುರಿಗೆ ಸಿಕ್ಕಿ, ಜಾರಿ, ಕತ್ತರಿಗೆ ಬಿದ್ದು ತುಂಡಾದೊಡನೆ ಗೋಲವು ಮೇಲಕ್ಕೆ ಚಿಮ್ಮುತ್ತದೆ. ಆಗ ಬಂದೂಕಿನಿಂದ ಹೊಡೆದು ಅದನ್ನು ಸಿಡಿಸುವುದೋ ಮುಳುಗಿಸುವುದೋ ಮಾಡುತ್ತಾರೆ. ಒಂದರ ಓರೆಗೆ ಇನ್ನೊಂದು ನೌಕೆ, ಅದರ ಓರೆಗೆ ಮತ್ತೊಂದು, ಹೀಗೆ ಸಾಲುಗಟ್ಟಿ, ಗುಡಿಸಿದ ಪಟ್ಟಿಯ ಪಕ್ಕಕ್ಕೆ ಹೊಸ ಪಟ್ಟಿಯನ್ನು ಕೂಡಿಸುತ್ತ, ದಿನವೆಲ್ಲ ಹಿಂದಕ್ಕೂ ಮುಂದಕ್ಕೂ ನಡೆಯಬೇಕು. ಎರಡನೆಯ ಮಹಾಯುದ್ಧದಲ್ಲಿ ತಗಲದೆಯೇ ಸಿಡಿಯುವ, ಹಡಗಿನ ಉಕ್ಕಿನ ಅಯಸ್ಕಾಂತ ಗುಣವನ್ನು ಅರಿತು ಕೆರಳುವ ಸುರಂಗಗಳೂ ಬಂದುವು. ಅವುಗಳಿಗಾಗಿ ನೀರಿನ ಮೇಲೆ ತೇಲುವ ವಿದ್ಯುತ್ ತಂತಿಗಳನ್ನು ಎಳೆದುಕೊಂಡು ಹೋಗಬೇಕಾಯಿತು. ಕೀರ್ತಿ ಕಡಿಮೆ, ಬೇಸರ ಹೆಚ್ಚು, ಮರಣವು ಯಾವ ಕ್ಷಣದಲ್ಲಾದರೂ ಸಂಭವ. ಇದು ಆ ನಾವಿಕರ ವೃತ್ತಿ.

‘ಬೆಂಗಾಲ್’ ಇಂತಹ ಕೆಲಸಕ್ಕೆಂದೇ ಕಟ್ಟಿದ ‘ಬ್ಯಾಥರ್ಸ್ಟ್’ ವರ್ಗದ ನೌಕೆ. ಆ ವರ್ಗದಲ್ಲಿ ಆಸ್ಟ್ರೇಲಿಯಾದವರು ಒಟ್ಟು 60 ನೌಕೆಗಳನ್ನು ಕಟ್ಟಿದರು. ಅವುಗಳ ಪೈಕಿ ನಾಲ್ಕು ಭಾರತದ ನೌಕಾದಳಕ್ಕೆ ಬಂದುವು. ನಮ್ಮ ಕಥಾನಾಯಕಿಯನ್ನು ಸಿಡ್ನಿಯ ಕಾಕಟೂ ಹಡಗುಕಟ್ಟೆಯಲ್ಲಿ ಕಟ್ಟಿ 1942ರ ಮೇ ತಿಂಗಳಲ್ಲಿ ನೀರಿಗಿಳಿಸಿದರು. ಉದ್ದ 186 ಅಡಿ. ಭಾರ ಸುಮಾರು 650 ಟನ್ನು. ವೇಗ ಗಂಟೆಗೆ 15 ಕಡಲ ಮೈಲಿ. ಜನ ಸುಮಾರು 85. ತೋಪೆಂದರೆ ಹನ್ನೆರಡು ಪೌಂಡಿನ ಗುಂಡನ್ನು ಹಾರಿಸುವ ಒಂದೇ ಒಂದು. ಉಳಿದುವೆಲ್ಲ ವಿಮಾನಗಳನ್ನು ಹೊಡೆಯುವ ಸಣ್ಣ ತೋಪುಗಳು. ಯುದ್ಧದ ಮೊದಲಲ್ಲಿ ಎರಡು ಸಾವಿರಕ್ಕೂ ಕಡಿಮೆ ನಾವಿಕರಿದ್ದ ಆ ನೌಕಾದಳವು ಯುದ್ಧ ಮುಗಿಯುವ ಹೊತ್ತಿಗೆ ಇಪ್ಪತ್ತು ಸಾವಿರವನ್ನು ಮೀರಿ ಬೆಳೆಯಿತು. ಪಂಜಾಬದವರು, ರತ್ನಾಗಿರಿಯ ಕಡೆಯ ಕೊಂಕಣಿಗರು, ಆಮೇಲೆ ದೇಶದ ಎಲ್ಲ ಭಾಗಗಳವರು ಸೇರಿದರು. ಆಳುವವನು ಮಾತ್ರ ಆಂಗ್ಲನೇ. ‘ಬೆಂಗಾಲ್’ ನೌಕೆಯ ನಾಯಕನು ಲೆಫ್ಟೆನೆಂಟ್ ಕಮಾಂಡರ್ ವಿಲಿಯಂ ವಿಲ್ಸನ್.

ನೌಕೆಯು ಸ್ವದೇಶದ ಮುಖವನ್ನೇ ಕಂಡಿರಲಿಲ್ಲ. ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರದಿಂದ ‘ಓಂದಿನಾ’ ಎಂಬ ಡಚ್ಚರ ತೈಲನೌಕೆಗೆ ಬೆಂಗಾವಲಾಗಿ ಡೀಗೊ ಗಾರ್ಸಿಯಾ ದ್ವೀಪದ ದಿಕ್ಕಿಗೆ ಅದು ಹೊರಟಿತ್ತು. 1942ರ ನವೆಂಬರ್ 11. ಕೋಕೋಸ್ ದ್ವೀಪಗಳ ನೈಋತ್ಯಕ್ಕೆ, ನೆಲವೆಂಬುದು ಎಲ್ಲಿಯೂ ಕಾಣದ ಹಿಂದೂ ಮಹಾಸಾಗರದ ನಡುವೆ ಎರಡು ದೊಡ್ಡ ಹಡಗುಗಳು ಕಾಣಿಸಿದುವು. ಅವು ಜಪಾನೀಯರ ‘ಹೋಕೋಕು ಮಾರು’ ಮತ್ತು ‘ಐಕೋಕು ಮಾರು’. ಪ್ರಯಾಣಿಕರ ನೌಕೆಗಳಾಗಿ ಕಟ್ಟಲ್ಪಟ್ಟು, ಯುದ್ಧ ಬಂದಾಗ ತೋಪು ಹೊತ್ತು ವರ್ತಕನೌಕೆಗಳನ್ನು ಬೇಟೆಯಾಡುತ್ತಿದ್ದ ಒಡಹುಟ್ಟುಗಳು. ಒಂದೊಂದೂ ಹತ್ತು ಸಾವಿರ ಟನ್ನನ್ನು ಮೀರಿದುದು. ಒಂದೊಂದರಲ್ಲಿಯೂ ಐದೂವರೆ ಇಂಚಿನ ತೋಪುಗಳ ಸಾಲು, ಟಾರ್ಪೆಡೊ ನಳಿಗೆಗಳು. ಓಡಿ ಪಾರಾಗೋಣವೆಂದರೆ ‘ಬೆಂಗಾಲ್’ಗಿಂತ ಅವು ಎಷ್ಟೋ ವೇಗದವು.

ವಿಲ್ಸನನು ತೈಲನೌಕೆಗೆ ದೂರ ಸರಿಯುವಂತೆ ಸಂಕೇತಕೊಟ್ಟು, ತಾನು ‘ಹೋಕೋಕು ಮಾರು’ವಿನ ಕಡೆಗೆ ನೇರವಾಗಿ ನೌಕೆಯನ್ನು ತಿರುಗಿಸಿದನು. ಇದರಲ್ಲಿ ಸಾಹಸವೂ ಇತ್ತು, ಲೆಕ್ಕವೂ ಇತ್ತು. ಹತ್ತಿರಕ್ಕೆ ಹೋಗದೆ ತನ್ನ ಸಣ್ಣ ತೋಪಿನಿಂದ ಫಲವಿಲ್ಲ. ಆದರೆ ‘ಓಂದಿನಾ’ದ ಕಪ್ತಾನ ವಿಲ್ಲೆಮ್ ಹೋರ್ಸ್‌ಮನ್ ಓಡಲೊಪ್ಪಲಿಲ್ಲ. ಅವನಲ್ಲಿಯೂ ನಾಲ್ಕು ಇಂಚಿನ ತೋಪು ಒಂದೇ, ಗುಂಡುಗಳು ಮೂವತ್ತೆರಡು. ಎರಡೂ ನೌಕೆಗಳು ಗುಂಡು ಹಾರಿಸತೊಡಗಿದುವು. ಸ್ವಲ್ಪ ಹೊತ್ತಿನೊಳಗೆ ಒಂದು ಗುಂಡು ‘ಹೋಕೋಕು ಮಾರು’ವಿನ ಟಾರ್ಪೆಡೊಗಳಿದ್ದ ಎಡೆಗೆ ಬಿದ್ದು ಘೋರಸ್ಫೋಟವಾಯಿತು. ಬೆಂಕಿಯು ಹಿಂಭಾಗದ ಮದ್ದಿನ ಕೋಣೆಗೆ ವ್ಯಾಪಿಸಿ, ಎರಡನೆಯ ಸ್ಫೋಟದೊಂದಿಗೆ ಆ ಮಹಾನೌಕೆಯು ಮುಳುಗಿಹೋಯಿತು. ಅದರಲ್ಲಿದ್ದ 354 ಜನರ ಪೈಕಿ ನಾಯಕನನ್ನೊಳಗೊಂಡು 76 ಜನ ಮಡಿದರು.

ಆ ಗುಂಡು ಯಾರದು? ನಮ್ಮವರು ‘ಬೆಂಗಾಲ್’ನದೆಂದರು, ಡಚ್ಚರೂ ಆಸ್ಟ್ರೇಲಿಯನರೂ ‘ಓಂದಿನಾ’ದ್ದೆಂದರು. ಈ ವಾದವು ಇಂದಿಗೂ ತೀರಿಲ್ಲ. ದೇಶಾಭಿಮಾನವು ಒಂದು ಕಡೆಗೆ ಎಳೆಯುವುದೇನೋ ನಿಜ. ಆದರೂ ನಾಲ್ಕು ಇಂಚಿನ ತೋಪಿನ ಹಕ್ಕು ಬಲವಾದುದೆಂದೇ ನಮಗೆ ತೋರುತ್ತದೆ. ‘ಬೆಂಗಾಲ್’ ಮುಂದೆ ನುಗ್ಗಿ ವೈರಿಯ ಕಣ್ಣನ್ನು ತನ್ನೆಡೆಗೆ ಸೆಳೆದಿರದಿದ್ದರೆ ಆ ತೋಪಿಗೆ ಅವಕಾಶವೇ ಇರುತ್ತಿರಲಿಲ್ಲವೆಂಬುದನ್ನು ಡಚ್ಚರೂ ಅಲ್ಲಗಳೆಯಲಾರರು.

ಮುಂದಿನ ಭಾಗವನ್ನು ನಮ್ಮ ಲೇಖಕರು ಸಾಮಾನ್ಯವಾಗಿ ಅವಸರದಿಂದ ದಾಟಿಬಿಡುತ್ತಾರೆ. ‘ಬೆಂಗಾಲ್’ನಲ್ಲಿ ಗುಂಡುಗಳು ಬಹುತೇಕ ತೀರಿಹೋಗಿದ್ದುವು, ಹಡಗಿಗೂ ಏಟು ಬಿದ್ದಿತ್ತು. ಅದು ಹೊಗೆಯ ತೆರೆಯನ್ನೆಬ್ಬಿಸಿ ಹಿಂದೆ ಸರಿಯಿತು. ‘ಓಂದಿನಾ’ ನಾಶವಾಯಿತೆಂದೇ ಅದರಲ್ಲಿದ್ದವರ ನಂಬಿಕೆ. ಇತ್ತ ‘ಓಂದಿನಾ’ದಲ್ಲಿಯೂ ಗುಂಡು ಮುಗಿದು, ಶರಣಾಗತಿಯ ಬಿಳಿಯ ಬಾವುಟವೇರಿಸಿ, ಜನರನ್ನು ದೋಣಿಗಳಿಗೆ ಇಳಿಸುವ ವೇಳೆಗೆ ಕಪ್ತಾನ ಹೋರ್ಸ್‌ಮನ್ ಮಡಿದನು. ‘ಐಕೋಕು ಮಾರು’ ಹಡಗಿಗೆ ಟಾರ್ಪೆಡೊ ಹೊಡೆದುದಲ್ಲದೆ, ದೋಣಿಗಳಲ್ಲಿದ್ದ ನಿರಾಯುಧರ ಮೇಲೆಯೂ ಯಂತ್ರಬಂದೂಕನ್ನು ಹಾರಿಸಿತು. ಬಳಿಕ ತನ್ನ ಒಡಹುಟ್ಟಿನ ನಾವಿಕರನ್ನೆತ್ತಿಕೊಂಡು ಹೊರಟುಹೋಯಿತು. ಆದರೆ ‘ಓಂದಿನಾ’ದ ತೈಲದ ಕೊಠಡಿಗಳು ಖಾಲಿಯಾಗಿದ್ದುದರಿಂದ ಅದು ಮುಳುಗಲಿಲ್ಲ. ಬದುಕಿದ ಡಚ್ ಅಧಿಕಾರಿಗಳೂ ಚೀನೀ ಖಲಾಸಿಗಳೂ ಮತ್ತೆ ಹತ್ತಿ, ಬೆಂಕಿಯನ್ನಾರಿಸಿ, ಒಂದು ವಾರದೊಳಗೆ ಅದನ್ನು ಫ್ರೀಮ್ಯಾಂಟಲಿಗೆ ತಂದು ಮುಟ್ಟಿಸಿದರು. ‘ಬೆಂಗಾಲ್’ ಅಷ್ಟರಲ್ಲಿ ಡೀಗೊ ಗಾರ್ಸಿಯಾ ಸೇರಿತ್ತು. ಅದರಲ್ಲಿ ಒಬ್ಬನೂ ಸತ್ತಿರಲಿಲ್ಲ. ಗುಂಡಿಲ್ಲದ ನೌಕೆಯು ನಿಂತು ಮಾಡುವುದೇನೂ ಇರಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಕಥೆಯನ್ನು ಹೇಳುವಾಗ ಆ ದೋಣಿಗಳಲ್ಲಿದ್ದವರನ್ನು ಬಿಟ್ಟು ಹೇಳುವುದು ನ್ಯಾಯವಲ್ಲ.

ವಿಲ್ಸನನಿಗೆ ಡಿ. ಎಸ್. ಓ. ಪದಕವು ದೊರೆಯಿತು, ಆಂಗ್ಲ ಸರಕಾರವು ‘ಬೆಂಗಾಲ್’ನ ವೃತ್ತಾಂತವನ್ನು ಸೈನ್ಯಭರ್ತಿಯ ಪ್ರಚಾರಕ್ಕಾಗಿ ಧಾರಾಳವಾಗಿ ಬಳಸಿಕೊಂಡಿತು. ಪ್ರಚಾರದ ಆ ‘ಬೆಂಗಾಲ್’ಗೂ ನಿಜವಾದ ಬಂಗಾಳಕ್ಕೂ ಇದ್ದ ಅಂತರವನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಅದೇ 1942ರಲ್ಲಿ, ಜಪಾನೀಯರು ಬಂದರೆ ಉಪಯೋಗವಾದೀತೆಂಬ ಭಯದಿಂದ, ಬಂಗಾಳದ ಕರಾವಳಿಯಲ್ಲಿ ಹತ್ತು ಜನಕ್ಕಿಂತ ಹೆಚ್ಚಿನವರನ್ನು ಒಯ್ಯಬಲ್ಲ ದೋಣಿಗಳನ್ನೆಲ್ಲ ಸರಕಾರವು ವಶಪಡಿಸಿಕೊಂಡಿತು ಅಥವಾ ಒಡೆಸಿತು. ಬೆಸ್ತನಿಗೆ ಬಲೆಬೀಸಲು ನಾವೆಯಿಲ್ಲ, ಬತ್ತವನ್ನು ಸಂತೆಗೆ ಸಾಗಿಸಲು ನಾವೆಯಿಲ್ಲ. ಅಕ್ಟೋಬರಿನಲ್ಲಿ ಮೇದಿನೀಪುರಕ್ಕೆ ಚಂಡಮಾರುತವೆರಗಿತು. 1943ರಲ್ಲಿ ಕ್ಷಾಮ, ಲಕ್ಷಲಕ್ಷ ಜನ ಸತ್ತರು, ಸಂಖ್ಯೆಯನ್ನು ಮೂವತ್ತು ಲಕ್ಷದವರೆಗೆ ಅಂದಾಜುಮಾಡಿದವರೂ ಉಂಟು. ನಮ್ಮ ನಾಡಿನಲ್ಲಿ ಆ ದಿನಗಳು ಈಸೂರಿನ ದಿನಗಳು. ಕಡಲಿನಲ್ಲಿ ಸರಕಾರದ ಬಾವುಟದಡಿ ನಿಂತ ಯುವಕನೂ ನೆಲದ ಮೇಲೆ ಅದೇ ಬಾವುಟವನ್ನು ಇಳಿಸಹೋದ ಯುವಕನೂ ಒಂದೇ ತಾಯಿಯ ಮಕ್ಕಳು. ಮೊದಲಿನವನನ್ನು ಕೂಲಿಯ ಸಿಪಾಯಿಯೆಂದು ಜರೆದವರು ನಮ್ಮಲ್ಲಿದ್ದರು. ಆ ಜರೆಯುವಿಕೆಗೆ ಉತ್ತರವನ್ನು ನಾವಿಕರೇ 1946ರ ಫೆಬ್ರುವರಿಯಲ್ಲಿ ಕೊಟ್ಟರು: ಕೆಟ್ಟ ಅನ್ನವನ್ನೂ ವರ್ಣದ್ವೇಷದ ಬೈಗುಳವನ್ನೂ ಸಹಿಸಲಾರದೆ ಮುಂಬಯಿಯ ‘ತಲ್ವಾರ್’ ಠಾಣ್ಯದಲ್ಲಿ ಆರಂಭವಾದ ಅವರ ಬಂಡಾಯವು ಎಪ್ಪತ್ತಕ್ಕೂ ಹೆಚ್ಚು ನೌಕೆಗಳಿಗೆ ಹಬ್ಬಿತು, ಅವರ ಬೇಡಿಕೆಗಳಲ್ಲಿ ಆಜಾದ್ ಹಿಂದ್ ಫೌಜಿನ ಬಂದಿಗಳ ಬಿಡುಗಡೆಯೂ ಒಂದಾಗಿತ್ತು.

‘ಬೆಂಗಾಲ್’ ಮುಂದಿನ ಯುದ್ಧಕಾಲವನ್ನೆಲ್ಲ ಹಿಂದೂ ಮಹಾಸಾಗರದಲ್ಲಿ ನಾವೆಗಳಿಗೆ ಬೆಂಗಾವಲಾಗಿ ಕಳೆಯಿತು. 1947ರಲ್ಲಿ ದೇಶದೊಡನೆ ನೌಕಾದಳವೂ ಹೋಳಾಯಿತು. ಹದಿನಾರು ಸುರಂಗನಿವಾರಕಗಳಲ್ಲಿ ಹನ್ನೆರಡು ನಮಗೆ, ನಾಲ್ಕು ಪಾಕಿಸ್ತಾನಕ್ಕೆ. ನಮ್ಮ ಹನ್ನೆರಡರಲ್ಲಿ ‘ಬೆಂಗಾಲ್’ನೊಡನೆ ‘ಕರ್ನಾಟಿಕ್’ ಎಂಬುದೂ ‘ಕೊಂಕಣ್’ ಎಂಬುದೂ ಇದ್ದುವು; ದೊಡ್ಡ ನೌಕೆಗಳಲ್ಲಿ ಒಂದರ ಹೆಸರು ‘ಕಾವೇರಿ’. 1950ರಲ್ಲಿ ಗಣರಾಜ್ಯವಾದಾಗ ಹೆಸರಿನ ಹಿಂದಿನ ರಾಜಮುದ್ರೆಯು ಅಳಿಯಿತು. ಇನ್ನು ಹತ್ತು ವರ್ಷ ದುಡಿದು, 1960ರಲ್ಲಿ ‘ಬೆಂಗಾಲ್’ ಗುಜರಿಯವರ ಪಾಲಾಯಿತು. ಅದೇ ವರ್ಗದ ‘ಕ್ಯಾಸಲ್‌ಮೇನ್’, ‘ವೈಯಾಲಾ’ ಎಂಬೆರಡು ನೌಕೆಗಳನ್ನು ಆಸ್ಟ್ರೇಲಿಯನರು ವಸ್ತುಸಂಗ್ರಹಾಲಯಗಳನ್ನಾಗಿ ಮಾಡಿ ಇಂದಿಗೂ ಕಾಪಾಡಿಕೊಂಡಿದ್ದಾರೆ. ನಾವು ಕಬ್ಬಿಣದ ಬೆಲೆಯನ್ನು ಎಣಿಸಿಕೊಂಡೆವು.

ಹಳೆಯ ಹಡಗನ್ನು ಉಳಿಸಿಕೊಳ್ಳಲಿಲ್ಲವೆಂಬ ದುಃಖ ಒಂದು. ಅದರ ಕಸುಬನ್ನೇ ಮರೆತೆವೇನೋ ಎಂಬ ಆತಂಕ ಇನ್ನೊಂದು. ಸೋವಿಯತ್ ದೇಶದಿಂದ ಕೊಂಡ ಸುರಂಗನಿವಾರಕಗಳ ಪೈಕಿ ನಮ್ಮ ಕಾರವಾರದ ಹೆಸರನ್ನು ಹೊತ್ತುದು 1986ರಿಂದ 2017ರವರೆಗೆ ದುಡಿದು ನಿವೃತ್ತವಾಯಿತು. ಕಟ್ಟಕಡೆಯದಾದ ‘ಕೋಳಿಕ್ಕೋಡ್’ 2019ರಲ್ಲಿ ನಿವೃತ್ತವಾಯಿತು. ಕೊರಿಯಾದ ಸಹಕಾರದಿಂದ ಗೋವೆಯಲ್ಲಿ ಹನ್ನೆರಡು ಹೊಸ ನೌಕೆಗಳನ್ನು ಕಟ್ಟುವ ಯೋಜನೆಯು 2018ರಲ್ಲಿಯೇ ಮುರಿದುಬಿದ್ದಿತ್ತು. 2025ರ ಜುಲೈಯಲ್ಲಿ ರಕ್ಷಣಾ ಖರೀದಿ ಮಂಡಳಿಯು ಹೊಸ ಸುರಂಗನಿವಾರಕಗಳಿಗೆ ಪ್ರಾಥಮಿಕ ಸಮ್ಮತಿಯನ್ನಿತ್ತಿತು. ಅಷ್ಟರ ಮಟ್ಟಿಗೆ ಸಮಾಧಾನ. ಆ ನೌಕೆಗಳು ನೀರಿಗಿಳಿದು ಅವುಗಳಿಗೆ ಹೆಸರಿಡುವ ಕಾಲ ಬಂದಾಗ, ಒಂದಕ್ಕೆ ‘ಬೆಂಗಾಲ್’ ಎಂಬ ಹೆಸರನ್ನು ಮರಳಿ ಕೊಡಬೇಕೆಂದೂ, 1942ರ ನವೆಂಬರ್ 11ರಂದು ಹಳೆಯ ಹಡಗಿನಲ್ಲಿದ್ದ ನಾವಿಕರ, ಅಡಿಗೆಯವರ, ಬೆಂಕಿಮನೆಯ ಆಳುಗಳ ಹೆಸರುಗಳನ್ನೆಲ್ಲ ದಫ್ತರದಿಂದ ಹುಡುಕಿ ತೆಗೆದು ಅದರೊಳಗೆ ಒಂದು ಫಲಕದ ಮೇಲೆ ಬರೆಯಿಸಬೇಕೆಂದೂ ನೌಕಾದಳದ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ.