ಕೌಟುಂಬಿಕ ದೌರ್ಜನ್ಯ: ಸ್ವರೂಪ, ಪರಿಣಾಮ ಮತ್ತು ಕಾನೂನಿನ ರಕ್ಷಣೆ

ವ್ಯಕ್ತಿಗಳ ನಡುವೆ ನಡೆಯುವ ಹಿಂಸೆಯಲ್ಲಿ ಹೆಚ್ಚು ವ್ಯಾಪಕವಾಗಿದ್ದೂ ಬೆಳಕಿಗೆ ಬಾರದಿರುವುದು ಮನೆಯೊಳಗಿನ ಹಿಂಸೆ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯು ಕ್ಷಣಿಕ ಮುನಿಸಿಗೆ ಅನ್ವಯಿಸುತ್ತದೆಯೇ ಹೊರತು ಪದೇ ಪದೇ ನಡೆಯುವ ಹೊಡೆತ, ಬೆದರಿಕೆಗಳಿಗಲ್ಲ.

ವ್ಯಾಪ್ತಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ವಿವಾಹವಾದ 18ರಿಂದ 49 ವರ್ಷದ ಮಹಿಳೆಯರ ಪೈಕಿ ಪತಿಯಿಂದ ದೌರ್ಜನ್ಯ ಅನುಭವಿಸಿದವರ ಪ್ರಮಾಣವು 2015-16ರಲ್ಲಿ ಶೇ. 20.6 ಇದ್ದು, 2019-21ರಲ್ಲಿ ಶೇ. 44.4ಕ್ಕೆ ಏರಿತು. ಅದೇ ಅವಧಿಯಲ್ಲಿ ರಾಷ್ಟ್ರೀಯ ಪ್ರಮಾಣವು ಶೇ. 29.3 ಆಗಿತ್ತು. ದೇಶದಲ್ಲಿ ದೌರ್ಜನ್ಯಕ್ಕೊಳಗಾದವರಲ್ಲಿ ನೆರವು ಕೋರಿದವರು ಸುಮಾರು ಶೇ. 14 ಮಾತ್ರ.

ಸ್ವರೂಪ

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005 ದಿನಾಂಕ 26-10-2006ರಿಂದ ಜಾರಿಯಲ್ಲಿದೆ. ಇದರಡಿ ನಾಲ್ಕು ಬಗೆಯ ದೌರ್ಜನ್ಯಗಳನ್ನು ಗುರುತಿಸಲಾಗಿದೆ:

1. ದೈಹಿಕ: ಹೊಡೆಯುವುದು, ತಳ್ಳುವುದು, ಗಾಯಗೊಳಿಸುವುದು.
2. ಲೈಂಗಿಕ: ಮಹಿಳೆಯ ಘನತೆಗೆ ಕುಂದು ತರುವ ಲೈಂಗಿಕ ವರ್ತನೆ.
3. ಮಾತಿನ ಮತ್ತು ಭಾವನಾತ್ಮಕ: ನಿಂದನೆ, ಮಕ್ಕಳಿಲ್ಲವೆಂದು ಅಥವಾ ಗಂಡು ಮಗುವಿಲ್ಲವೆಂದು ಹಂಗಿಸುವುದು.
4. ಆರ್ಥಿಕ: ಮನೆ ಖರ್ಚಿಗೆ ಹಣ ನೀಡದಿರುವುದು, ಸ್ತ್ರೀಧನವನ್ನು ಮಾರುವುದು.

ಪತ್ನಿಯಲ್ಲದೆ, ಒಂದೇ ಮನೆಯಲ್ಲಿ ವಾಸಿಸುವ ಅಥವಾ ವಾಸಿಸಿದ್ದ ತಾಯಿ, ಸಹೋದರಿ, ವಿಧವೆಯರೂ ರಕ್ಷಣೆ ಕೋರಬಹುದು.

ಪರಿಣಾಮ

ದೇಹದ ಗಾಯ ಮಾಯ್ದ ಮೇಲೂ ಭಯ, ನಿದ್ರಾಹೀನತೆ, ಖಿನ್ನತೆ ಉಳಿಯುತ್ತವೆ. ದುಡಿಯುವ ಮಹಿಳೆಯು ಕೂಲಿ ದಿನಗಳನ್ನು ಕಳೆದುಕೊಳ್ಳುತ್ತಾಳೆ. ಹಿಂಸೆಯನ್ನು ಕಂಡು ಬೆಳೆದ ಮಕ್ಕಳ ಕಲಿಕೆಗೆ ಹಿನ್ನಡೆಯಾಗುವುದಲ್ಲದೆ, ಅವರು ಮುಂದೆ ಅದನ್ನೇ ಸಹಜವೆಂದು ಭಾವಿಸುವ ಅಪಾಯವಿದೆ.

ಪರಿಹಾರ

ನೊಂದ ಮಹಿಳೆಯು ವಿವಾಹ ವಿಚ್ಛೇದನ ಕೋರಬೇಕಾಗಿಲ್ಲ; ಮನೆ ತೊರೆಯಬೇಕಾಗಿಯೂ ಇಲ್ಲ. ಮನೆಯು ಆಕೆಯ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ. ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾಗಿ ಕಾರ್ಯನಿರ್ವಹಿಸುತ್ತಿದ್ದು, ಅವರ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ 3 ದಿನಗಳೊಳಗೆ ನಿಗದಿಪಡಿಸತಕ್ಕದ್ದು. ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸತಕ್ಕದ್ದು. ನ್ಯಾಯಾಲಯವು ರಕ್ಷಣೆ, ವಾಸ, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದು ಹಾಗೂ ನಷ್ಟ ಪರಿಹಾರದ ಆದೇಶ ನೀಡಬಹುದು. ರಕ್ಷಣಾ ಆದೇಶ ಉಲ್ಲಂಘಿಸಿದವರಿಗೆ 1 ವರ್ಷದವರೆಗೆ ಸೆರೆವಾಸ ಅಥವಾ ರೂ. 20,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಹಿಳೆಯರಿಗೆ ಉಚಿತ ಕಾನೂನು ನೆರವು ಲಭ್ಯವಿದೆ.

ಸಾರ್ವಜನಿಕರ ಪಾತ್ರ

ದೂರು ನೊಂದವರಿಂದಲೇ ಬರಬೇಕೆಂಬ ನಿಯಮವಿಲ್ಲ. ನೆರೆಹೊರೆಯವರು, ಬಂಧುಗಳು, ಅಂಗನವಾಡಿ ಕಾರ್ಯಕರ್ತೆಯರು ಸೇರಿದಂತೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಗಾರಿಕೆ ಇರುವುದಿಲ್ಲ. ಪಕ್ಕದ ಮನೆಯ ಕೂಗು ಕೇಳಿಯೂ ಅದು ಅವರ ಮನೆಯ ವಿಷಯವೆಂದು ಸುಮ್ಮನಿರುವುದು ಹಿಂಸೆ ಮುಂದುವರಿಯಲು ಅವಕಾಶ ಮಾಡಿಕೊಡುತ್ತದೆ.

ನೆರವಿಗಾಗಿ ಮಹಿಳಾ ಸಹಾಯವಾಣಿ 181ಕ್ಕೆ, ತುರ್ತು ಸಂದರ್ಭಗಳಲ್ಲಿ 112ಕ್ಕೆ ಕರೆ ಮಾಡಬಹುದಾಗಿದೆ.